ರುಚಿ ನೋಡದೆ ಮಾಡಿದ ಅಡುಗೆ

ಡಾಕ್ಟರು ನನ್ನ ಎಡಗಾಲಿನ ಹೆಬ್ಬೆರಳಿನ ಸುತ್ತ, ಕೆಂಪು ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಗೆ ಸರಿಯಾಗಿ, ಬಾಲ್‌ಪೆನ್ನಿನಿಂದ ಗೆರೆ ಎಳೆದರು. "ಕೆಂಪು ಈ ಗೆರೆ ದಾಟಿದರೆ ಆ ದಿನವೇ ಬನ್ನಿ, ನಾಳೆ ಅನ್ನಬೇಡಿ" ಎಂದು ಹಿಂದಿಯಲ್ಲಿ ಹೇಳಿದರು. ದಾಟಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. "ಬೆರಳು ತೆಗೆಯಬೇಕಾಗುತ್ತದೆ. ದಾಟದಿದ್ದರೂ, ನಿಮ್ಮ ಸಕ್ಕರೆ ಹೀಗೇ ಏರುತ್ತಿದ್ದರೆ ಗಾಯ ಮಾಯುವುದಿಲ್ಲ. ಎರಡು ತಿಂಗಳು ನೋಡೋಣ" ಎಂದರು.

ಅವರಿಗೆ ಅದು ಒಂದು ಬೆರಳು. ನನಗೆ ಹಾಗಲ್ಲ. ಗೋವಾದ ವಾಸ್ಕೋ ಬಂದರಿನ ಮೇಲಿನ ಗುಡ್ಡದಲ್ಲಿ, ಸಡಾದಲ್ಲಿ, ನಮ್ಮದೊಂದು ಸಣ್ಣ ಖಾನಾವಳಿ ಇದೆ. ಬಂದರಿನಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಕಡೆಯ ಗಂಡಸರು ಬೆಳಿಗ್ಗೆ ನಾಷ್ಟಾಕ್ಕೆ ನಮ್ಮಲ್ಲಿಗೇ ಬರುತ್ತಾರೆ. ಮಧ್ಯಾಹ್ನದ ಊಟ ಡಬ್ಬಿಗಳಲ್ಲಿ ಕೆಳಗೆ ಹೋಗುತ್ತದೆ. ನಸುಕಿನಿಂದ ಡಬ್ಬಿ ಹೋಗುವವರೆಗೆ ನಾನು ಕೂರುವುದೇ ಇಲ್ಲ. ತುಂಬಿದ ಸಾರಿನ ಬೋಗುಣಿ ಎತ್ತಿಕೊಂಡು ತಿರುಗುವಾಗ ಮೈಭಾರವೆಲ್ಲ ಬೀಳುವುದು ಆ ಹೆಬ್ಬೆರಳಿನ ಮೇಲೆ. ಅದಿಲ್ಲದೆಯೂ ಜನ ನಡೆಯುತ್ತಾರಂತೆ. ನಡೆಯಲಿ. ನನಗೆ ನಡೆಯುವುದಷ್ಟೇ ಸಾಲದು, ಬೋಗುಣಿ ಎತ್ತಬೇಕು.

ಗಾಯ ಆದದ್ದು ಗ್ಯಾಸ್ ಸಿಲಿಂಡರಿನಿಂದ. ಉರುಳಿಸುವಾಗ ಅದರ ಬುಡ ಬೆರಳ ಮೇಲೆ ಕೂತಿತು. ಉಗುರು ಕಪ್ಪಾಯಿತು, ಆಮೇಲೆ ಎದ್ದು ಹೋಯಿತು, ಕೆಳಗೆ ಹಸಿ ಗಾಯ ಉಳಿಯಿತು. ನೋವು ಇರಲೇ ಇಲ್ಲ. ನನ್ನ ಮೈ ಗಟ್ಟಿ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ. ನೋವಾಗದಿರುವುದೇ ಸಕ್ಕರೆ ಕಾಯಿಲೆಯ ಕೆಟ್ಟ ಗುಣ ಎಂದು ಡಾಕ್ಟರು ಹೇಳಿದಾಗ ನನಗೆ ಮೈ ಜುಮ್ಮೆಂದಿತು.

ವಾಸ್ಕೋದ ಆ ದವಾಖಾನೆಯಲ್ಲಿ ಸಕ್ಕರೆ ರೋಗಿಗಳಿಗೆ ತಿಳಿಸಿ ಹೇಳಲೆಂದೇ ಒಬ್ಬ ಸಿಸ್ಟರ್ ಇದ್ದಾಳೆ. ಗೋವಾದ ಹುಡುಗಿ, ತನ್ನವರೊಡನೆ ಕೊಂಕಣಿ, ನನ್ನೊಡನೆ ಹಿಂದಿ. ನಮ್ಮ ಗಿರಾಕಿಗಳ ಹಾಗೆ ಅವಳೂ ನನ್ನನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾಳೆ. ಅವಳು ನನ್ನ ತೋಳಿನ ಹಿಂಬದಿಗೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಸೆನ್ಸರ್ ಅಂಟಿಸಿದಳು. ನನ್ನ ಫೋನಿಗೆ ಒಂದು ಆಪ್ ಹಾಕಿದಳು. ಫೋನನ್ನು ತೋಳಿನ ಹತ್ತಿರ ಹಿಡಿದರೆ ಸಕ್ಕರೆ ಎಷ್ಟೆಂದು ಅಂಕಿ ಬರುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಪಕ್ಕದಲ್ಲಿ ಬಾಣ ಬರುತ್ತದೆ. ಇಡೀ ದಿನದ ಏರಿಳಿತ ಒಂದು ಗೆರೆಯಾಗಿ ಕಾಣುತ್ತದೆ. ನಡುವೆ ಹಸಿರು ಪಟ್ಟಿ. ಗೆರೆ ಅದರೊಳಗೆ ಇರಬೇಕು. ತಿಂದದ್ದರ ಫೋಟೋ ತೆಗೆದು ಹಾಕಬೇಕು. ಇಷ್ಟೇ ಕೆಲಸ.

ಆಪ್ ಶುರುವಿನಲ್ಲೇ ನನ್ನ ಮರ್ಯಾದೆ ತೆಗೆಯಿತು. ಜೋಳದ ರೊಟ್ಟಿಯ ಫೋಟೋ ಹಾಕಿದರೆ ಹಪ್ಪಳ ಅಂದಿತು. ಎಣ್ಣೆಗಾಯಿ ಹಾಕಿದರೆ ಗುಲಾಬ್ ಜಾಮೂನು ಅಂದಿತು! ಬದನೆಕಾಯಿ ಕಂಡರಿಯದ ಇದು ನನಗೇನು ಹೇಳಿಕೊಡುತ್ತದೆ ಎಂದು ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿದೆ. ಆಮೇಲೆ ಸಿಸ್ಟರ್ ನಮ್ಮ ಪದಾರ್ಥಗಳನ್ನೆಲ್ಲ ಒಂದೊಂದಾಗಿ ಅಳತೆ ಕೇಳಿ ಅದರೊಳಗೆ ಸೇರಿಸಿಕೊಟ್ಟಳು. ನನ್ನ ರೊಟ್ಟಿ ಎಷ್ಟು ಅಗಲ ಎಂದು ಕೇಳಿದಾಗ ಎರಡೂ ಕೈ ಅಗಲಿಸಿ ತೋರಿಸಿದೆ. "ಇದು ಒಂದಲ್ಲ ಮಾವ್ಶಿ, ಎರಡು" ಎಂದು ನಗುತ್ತ ಬರೆದುಕೊಂಡಳು.

ರೊಟ್ಟಿ ನಾನು ಬಡಿಯುವುದಲ್ಲ. ಅದಕ್ಕೆ ನನ್ನ ಜೊತೆಗಾತಿ ಒಬ್ಬಳಿದ್ದಾಳೆ, ಬಾಗಲಕೋಟೆ ಕಡೆಯವಳೇ, ಮುಸಲ್ಮಾನರ ಹೆಣ್ಣುಮಗಳು, ಕೆಳಗಿನ ಓಣಿಯಲ್ಲಿ ಮನೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬೇಡಿ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ದೇವರ ಜಗಲಿ ಇರುವ ಅಡುಗೆಮನೆಯಲ್ಲಿ ಚಪ್ಪಲಿಯೇ ಎಂದು ನಾನು ಹಟ ಹಿಡಿದು ಕೂತಾಗ ದಾರಿ ತೋರಿಸಿದವಳು ಅವಳೇ. ಹೊಸ ಜೋಡಿ ತರಿಸಿ, ತೊಳೆದು, ನನ್ನ ಮುಂದೆ ಇಟ್ಟಳು.

"ಹೊರಗ ಹೋಗದ ಚಪ್ಪಲಿ ಚಪ್ಪಲಿ ಅಲ್ಲಕ್ಕಾ, ಅದು ಕಾಲಿನ ಅಂಗಿ. ಹಾಕ್ಕೋ ಸುಮ್ನ."

ಹಾಕಿಕೊಂಡೆ. ದೇವರು ಏನೂ ಅನ್ನಲಿಲ್ಲ.

ಗುಳಿಗೆ, ದಿನಕ್ಕೊಂದು ಇನ್ಸುಲಿನ್ ಚುಚ್ಚುಮದ್ದು, ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಊಟದಲ್ಲಿ ಅನ್ನ ಕಮ್ಮಿ, ನನ್ನ ಚಹಾಕ್ಕೆ ಸಕ್ಕರೆಯೇ ಇಲ್ಲ. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ನಾನು ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ. ಆದರೆ ಆಪಿನ ಗೆರೆ ನನ್ನ ಮಾತು ಕೇಳಲಿಲ್ಲ. ಬೆಳಿಗ್ಗೆ ಏಳುವಾಗ ಹಸಿರು ಪಟ್ಟಿಯ ಅಂಚಿನಲ್ಲಿ ಇರುತ್ತಿತ್ತು. ನಾಷ್ಟಾದ ಗದ್ದಲ ಶುರುವಾದ ಮೇಲೆ ಮೆಲ್ಲಗೆ ಏರತೊಡಗಿ, ಡಬ್ಬಿ ಕಟ್ಟುವ ಹೊತ್ತಿಗೆ ಗುಡ್ಡದ ತುದಿಗೆ ಹೋಗಿ ಕೂರುತ್ತಿತ್ತು. ಆ ಹೊತ್ತಿನಲ್ಲಿ ನಾನು ಏನೂ ತಿಂದಿರುತ್ತಿರಲಿಲ್ಲ. ನಸುಕಿನಲ್ಲಿ ಅರ್ಧ ರೊಟ್ಟಿ, ಪಲ್ಯೆ. ಮತ್ತೆ ಊಟ ಡಬ್ಬಿ ಹೋದ ಮೇಲೆಯೇ.

"ಕಿತೆಂ ಖಾಲ್ಲೆಂ?" ಎಂದು ಸಿಸ್ಟರ್ ಗೆರೆಯ ತುದಿಗೆ ಬೆರಳಿಟ್ಟು ಕೇಳಿದಳು. ಇಷ್ಟೊತ್ತಿಗೆ ಏನು ತಿಂದಿರಿ?

"ಏನೂ ತಿಂದಿಲ್ಲ."

"ಏನೋ ತಿಂದಿದ್ದೀರಿ ಮಾವ್ಶಿ. ಹೇಳಿ, ನಾನು ಬೈಯುವುದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ದಿನವೂ ಜನರ ಹೊಟ್ಟೆ ತುಂಬಿಸುವವಳು ನಾನು, ಕದ್ದು ತಿನ್ನುವ ದರಿದ್ರ ನನಗೆ ಬಂದಿಲ್ಲ. ಮುಂದಿನ ಸಲ ಸಾಕ್ಷಿಗೆಂದು ಜೊತೆಗಾತಿಯನ್ನೇ ಕರೆದುಕೊಂಡು ಹೋದೆ. ಅವಳು ಸಿಸ್ಟರ್ ಮುಂದೆ ಎದೆ ತಟ್ಟಿಕೊಂಡು ಹೇಳಿದಳು, ಮೊದಲು ಹಿಂದಿಯಲ್ಲಿ, ಆಮೇಲೆ ಸಾಲದೆಂದು ಕನ್ನಡದಲ್ಲಿ: "ಅಲ್ಲಾನ ಆಣಿ ಐತ್ರಿ, ಇಕಿ ಏನೂ ತಿನ್ನಂಗಿಲ್ಲ. ನಾ ಮುಂಜಾನಿಂದ ಇಕಿ ಬಾಜೂಕ ಇರ್ತೇನಿ. ಒಂದ ತುತ್ತ ಬಾಯಾಗ ಹಾಕ್ಕೊಂಡಿದ್ರ ನನ್ನ ಕಣ್ಣ ಹೋಗಲಿ."

ಸಿಸ್ಟರಿಗೆ ಕನ್ನಡ ತಿಳಿಯಲಿಲ್ಲ, ಆಣೆ ತಿಳಿಯಿತು. ಮತ್ತೆ ಕೇಳದೆ ಗೆರೆಯನ್ನು ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಬೆಳಗಿನ ಔಷಧದ ಪ್ರಮಾಣ ಏರಿಸಿದರು. ಅವರ ಮುಂದಿದ್ದ ಗೆರೆಗೆ ಅದೇ ಸರಿಯಾದ ಉತ್ತರ.

ಅದರ ಫಲ ಮೂರನೇ ದಿನ ಕಾಣಿಸಿತು. ಮಧ್ಯಾಹ್ನ ಡಬ್ಬಿ ಹೋಗಿ ಬೋಗುಣಿ ತೊಳೆಯುವ ಹೊತ್ತು. ಕೈ ನಡುಗಲು ಶುರುವಾಯಿತು. ಬೆನ್ನೆಲ್ಲ ಬೆವರು. ಎದುರಿನ ಗೋಡೆ ಹಿಂದೆ ಹಿಂದೆ ಸರಿದಂತಾಯಿತು. ಒಳಗಿನ ಮಾಡದಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಒಂದೇ ಸಮ ಕಿರುಚಿಕೊಳ್ಳುತ್ತಿತ್ತು. ಜೊತೆಗಾತಿ ಓಡಿಹೋಗಿ ನೋಡಿದಳು. ಅವಳಿಗೆ ಓದಲು ಬಾರದು. ಆದರೆ ಕೆಳಕ್ಕೆ ತಿರುಗಿದ ಬಾಣ ಯಾರಿಗಾದರೂ ತಿಳಿಯುತ್ತದೆ. ಬೆಲ್ಲದ ಹೆಂಟೆಯೊಂದನ್ನು ನನ್ನ ಬಾಯಿಗೆ ತುರುಕಿ, ಬೆನ್ನ ಹಿಂದೆ ತಾನೇ ಗೋಡೆಯಂತೆ ಕೂತಳು.

"ಏರಿದ್ರ ಅಟ್ಟಕ್ಕ ಏರ್ತೈತಿ, ಇಳದ್ರ ಭಾಂವಿಗೆ ಇಳೀತೈತಿ. ಎಂಥಾ ರೋಗ ಇದು ಹಾಳಾದ್ದು!" ಎಂದು ನನಗಿಂತ ಹೆಚ್ಚು ಬೆದರಿ ಬೈಯುತ್ತಿದ್ದಳು.

ಡಾಕ್ಟರು ಪ್ರಮಾಣವನ್ನು ಮತ್ತೆ ಮೊದಲಿನಷ್ಟಕ್ಕೆ ಇಳಿಸಿದರು. ಈಗ ಎರಡೂ ಕಡೆ ಬಂದ್. ಔಷಧ ಹೆಚ್ಚಿಸಿದರೆ ಮಧ್ಯಾಹ್ನ ಬೀಳುತ್ತೇನೆ, ಇಳಿಸಿದರೆ ಬೆಳಿಗ್ಗೆ ಏರುತ್ತೇನೆ. ಬೆರಳಿನ ಗಾಯದ ಅಂಚು ಬಿಳಿಚಿಕೊಂಡು ಹಾಗೇ ನಿಂತಿತ್ತು. ಕೆಂಪು ಡಾಕ್ಟರ ಪೆನ್ನಿನ ಗೆರೆಯನ್ನು ದಾಟಿರಲಿಲ್ಲ ಅನ್ನುವುದೊಂದೇ ಸಮಾಧಾನ. ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು, ಸೋಂಕು ಮೂಳೆಗೆ ಇಳಿದಿದೆಯೋ ಎಂದು ನೋಡಲು. ಇಳಿದಿರಲಿಲ್ಲ. "ಆದರೆ ಇನ್ನು ಕಾಯುವ ದಿನ ಬಹಳ ಇಲ್ಲ" ಎಂದರು. ಆ ರಾತ್ರಿ ನನ್ನ ಗಂಡ, ನಮ್ಮ ಮನೆಯವರು, ನನ್ನ ಕಾಲು ದಿಂಬಿನ ಮೇಲಿಟ್ಟು, ಟಾರ್ಚ್ ಹಿಡಿದು ಆ ಪೆನ್ನಿನ ಗೆರೆಯನ್ನು ಸುತ್ತಲೂ ನೋಡಿದರು. 

ಅಷ್ಟರಲ್ಲಿ ಶಿವರಾತ್ರಿ ಕಳೆದು ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಗಿರಾಕಿಗಳು ಲಾರಿ, ಕ್ರೇನು, ಎಲ್ಲಕ್ಕೂ ಕಾಯಿ ಒಡೆಯುತ್ತಾರೆ. ಅವತ್ತು ಖಾನಾವಳಿಯಲ್ಲಿ ಗೋಧಿ ಹುಗ್ಗಿ ಆಗಲೇಬೇಕು. ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ ಕುದಿಸಿದ ಹುಗ್ಗಿಯ ವಾಸನೆಗೆ ಕೆಳಗಿನ ಓಣಿಯವರೂ ಮೇಲೆ ಹತ್ತಿ ಬರುತ್ತಾರೆ. ಮೊದಲು ದೇವರಿಗೆ ಎಡೆ, ಆಮೇಲೆ ಜನಕ್ಕೆ. ನಾನು ಎಂದಿನಂತೆ ಮಾಡಿದೆ, ಬಡಿಸಿದೆ, ಕೊನೆಗೆ ಡಾಕ್ಟರನ್ನು ನೆನೆದು ಎರಡೇ ಚಮಚ ಹುಗ್ಗಿ ತಿಂದೆ. ಆಪ್ ನೋಡುವ ಧೈರ್ಯ ಆಗಲಿಲ್ಲ. ಬರಿಯ ಉಪ್ಪಿಟ್ಟಿನ ದಿನವೇ ಗುಡ್ಡ ಏರುವ ಗೆರೆ, ಹುಗ್ಗಿಯ ದಿನ ಎಲ್ಲಿಗೆ ಹೋಗಿರಬೇಡ!

ಮರುದಿನ ಡ್ರೆಸ್ಸಿಂಗಿಗೆ ಹೋದೆ. ಸಿಸ್ಟರ್ ಫೋನು ತೆಗೆದುಕೊಂಡು ನೋಡುತ್ತ ನೋಡುತ್ತ ತಲೆ ಎತ್ತಿದಳು.

"ನಿನ್ನೆ ಅಡುಗೆಗೆ ರಜೆಯೇ?"

"ರಜೆ ಎಲ್ಲಿಯದು? ನಿನ್ನೆ ಹಬ್ಬದ ಅಡುಗೆ. ಸಿಹಿ ಮಾಡಿದ್ದೆ."

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಗೆರೆ ಹಸಿರು ಪಟ್ಟಿಯೊಳಗೆ ಚಾಪೆ ಹಾಸಿದಂತೆ ಮಲಗಿತ್ತು. ಊಟದ ನಂತರ ಸಣ್ಣದೊಂದು ಉಬ್ಬು, ಅಷ್ಟೆ. ಸೆನ್ಸರ್ ಕೆಟ್ಟಿರಬೇಕು ಎಂದೆ. ಅವಳು ಅಲ್ಲೇ ಬೆರಳು ಚುಚ್ಚಿ ರಕ್ತ ತೆಗೆದು ಬೇರೆ ಯಂತ್ರದಲ್ಲಿ ನೋಡಿದಳು. ಎರಡೂ ಒಂದೇ ಮಾತು ಹೇಳಿದವು.

"ನಿನ್ನೆ ಬೇರೆ ದಿನಕ್ಕಿಂತ ಏನು ಬೇರೆ ಮಾಡಿದಿರಿ? ಎದ್ದಲ್ಲಿಂದ ಹೇಳಿ."

ಎದ್ದಲ್ಲಿಂದ ಹೇಳಿದೆ. ಸ್ನಾನ, ಒಲೆಗೆ ಕುಂಕುಮ, ಚಹಾ, ಹುಗ್ಗಿಗೆ ಗೋಧಿ ಬೇಯಿಸಿದ್ದು, ಬೆಲ್ಲ ಹಾಕಿದ್ದು. ಅವಳು ನಡುವೆ ಕೇಳಿದಳು, ಬೆಲ್ಲ ಸಾಕಾಯಿತೋ ಇಲ್ಲವೋ ಎಂದು ತಿಂದು ನೋಡಲಿಲ್ಲವೇ? ನಾನು ಕಿವಿ ಮುಟ್ಟಿಕೊಂಡೆ. ಛೇ, ಎಡೆ ಆಗುವ ಮೊದಲು ಯಾರಾದರೂ ರುಚಿ ನೋಡುತ್ತಾರೆಯೇ? ಎಂಜಲಾಗುವುದಿಲ್ಲವೇ? ಅವತ್ತು ಚಹಾದಿಂದ ಹಿಡಿದು ಸಾರಿನವರೆಗೆ ಏನನ್ನೂ ನಾಲಗೆಗೆ ತಾಗಿಸುವುದಿಲ್ಲ.

"ಉಳಿದ ದಿನ?"

ನನ್ನ ಬಲಗೈ ತಾನಾಗಿ ಮೇಲೆ ಬಂದು, ಅಂಗೈ ಗುಳಿ ಮಾಡಿಕೊಂಡು, ಬಾಯಿಯ ಹತ್ತಿರ ನಿಂತಿತ್ತು. ಸಿಸ್ಟರ್ ಆ ಕೈಯನ್ನೇ ನೋಡುತ್ತಿದ್ದಳು. ಯವ್ವಾ ನನ್ನವ್ವಾ, ಅಂದುಕೊಂಡೆ. ಉಳಿದ ದಿನ ಈ ಕೈ ಎಷ್ಟು ಸಲ ಬಾಯಿಗೆ ಹೋಗುತ್ತದೋ ನನಗೇ ಗೊತ್ತಿಲ್ಲ. ರುಚಿ ನೋಡುವುದನ್ನು ತಿನ್ನುವುದು ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಆಣೆ ಹಾಕಿದವಳೂ ಸುಳ್ಳು ಹೇಳಿರಲಿಲ್ಲ. ನಮ್ಮಿಬ್ಬರ ಲೆಕ್ಕದಲ್ಲಿ ಅದು ಕೆಲಸ, ಊಟವಲ್ಲ.

ಸಿಸ್ಟರ್ ನಗಲಿಲ್ಲ, ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ. ಒಂದು ಉಪಾಯ ಹೇಳಿದಳು. ನಾಳೆ ಕೈ ಬಾಯಿಗೆ ಹೋದಾಗಲೆಲ್ಲ, ಬಾಯಿಗೆ ಹಾಕುವ ಬದಲು ಅಷ್ಟೇ ಪ್ರಮಾಣವನ್ನು ಒಂದು ಬಟ್ಟಲಿಗೆ ಹಾಕಿ. ಕೊನೆಗೆ ಬಟ್ಟಲು ನೋಡಿ.

ನೋಡಿದೆ. ಮೊದಲ ಹಂಡೆ ಚಹಾ ಇಳಿಸಿದಾಗ ಕಡಕ್ ಇದೆಯೋ ಎಂದು ಎರಡು ಗುಟುಕು. ಸಕ್ಕರೆ ಹಾಕಿದ ಮೇಲೆ ಇನ್ನೆರಡು. ಹೀಗೆ ಪ್ರತಿ ಹಂಡೆಗೂ. ಬಂದರಿನ ಪಾಳಿ ಬದಲಾಗುವ ಹೊತ್ತಿಗೆ ಹಂಡೆ ಎಷ್ಟು ಸಲ ಏರಿಳಿಯುತ್ತದೋ ಅಷ್ಟು. ಶಿರಾ ಅಂಗೈ ತುಂಬ, ಹದಕ್ಕೆ. ತುಪ್ಪ ಬಿಟ್ಟ ಮೇಲೆ ಮತ್ತೊಮ್ಮೆ, ಇದು ಹದಕ್ಕಲ್ಲ, ಇಷ್ಟಕ್ಕೆ. ಉಪ್ಪಿಟ್ಟು. ಬೆಂದಿದೆಯೋ ಎಂದು ಅನ್ನ. ಬೆಲ್ಲ ಬಿದ್ದ ಸಾರು ಮೂರು ಸಲ. ಡಬ್ಬಿ ಕಟ್ಟಿದ ಮೇಲೆ ಎಲ್ಲವನ್ನೂ ತಂದು ಜೊತೆಗಾತಿಯ ಮುಂದಿಟ್ಟೆ. ಬಟ್ಟಲು ಸಾಲದೆ ನಾನು ನಡುವೆ ಅದನ್ನು ಒಂದು ಸಣ್ಣ ಬೋಗುಣಿಗೆ ಸುರಿದಿದ್ದೆ. ಚಹಾದಲ್ಲಿ ಶಿರಾ, ಶಿರಾದಲ್ಲಿ ಅನ್ನ; ನೋಡಲಾಗದ ರಾಡಿ. ಗಟ್ಟಿ ದುಡಿಯುವ ಗಂಡಾಳಿನ ನಾಷ್ಟಾ ಅದು, ಚಹಾ ಸಮೇತ.

"ಯಾ ಅಲ್ಲಾ! ಇಷ್ಟ ತಿಂತಿದ್ದೇನಕ್ಕಾ ನೀ? ನನ್ನ ಕಣ್ಣ ಹೋಗ್ತಾವ ಈಗ!"

"ಕಣ್ಣ ಇರಲಿ, ರೊಟ್ಟಿ ಬಡಿಯಾಕ ಬೇಕ. ಆಣಿ ವಾಪಸ್ ತಗೋ" ಎಂದೆ.

ಆ ರಾಡಿಯ ಮುಂದೆ ಕೂತೇ ನಿರ್ಧಾರ ಮಾಡಿದೆ. ದಿನವೂ ಎಡೆಯ ಅಡುಗೆಯಂತೆ ಅಡುಗೆ. ಬೆರಳು ಉಳಿಯುವವರೆಗೆ, ಉಳಿದ ಮೇಲೂ, ನನ್ನ ನಾಲಗೆಗೆ ಅಡುಗೆಮನೆಯಲ್ಲಿ ಕೆಲಸವಿಲ್ಲ. ಅಡುಗೆಯವಳಿಗೆ ಇದು ಸಣ್ಣ ಮಾತಲ್ಲ. ಮಾವ್ಶಿಯ ಸಾರು ಎಂದು ಜನ ಗುಡ್ಡ ಹತ್ತಿ ಬರುವುದು ಈ ನಾಲಗೆಯ ದೆಸೆಯಿಂದ ಎಂದು ನಾನು ನಂಬಿದ್ದೆ. ರುಚಿ ನೋಡುವ ಅಧಿಕಾರವನ್ನು ಜೊತೆಗಾತಿಗೆ ಒಪ್ಪಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ದೊಡ್ಡ ಪದವಿ ಸಿಕ್ಕವಳಂತೆ ಒಪ್ಪಿಕೊಂಡಳು.

ಅವತ್ತೇ ಸಂಜೆ ರಂಜಾನಿನ ಚಂದ್ರ ಕಂಡ. ಅವಳು ಬಾಗಿಲಲ್ಲಿ ನಿಂತು ಹಲ್ಲು ಕಿಸಿದಳು.

"ಅಕ್ಕಾ, ನಾಳಿಂದ ರೋಜಾ."

ಉಪವಾಸವೆಂದರೆ ಹಗಲೆಲ್ಲ ನಾಲಗೆಗೆ ಏನೂ ತಾಗುವಂತಿಲ್ಲ; ಅವಳ ಪದವಿ ಒಂದು ದಿನವೂ ಬಾಳಲಿಲ್ಲ. ನಾಲಗೆಯ ತುದಿಗೆ ತಾಗಿಸಿ ಉಗುಳಿದರೆ ಅಡುಗೆಯವರಿಗೆ ನಡೆಯುತ್ತದೆ ಎಂದು ಹೇಳುವವರಿದ್ದಾರಂತೆ. "ಆದ್ರ ನನ್ನ ಮನಸ ಒಪ್ಪಂಗಿಲ್ಲಕ್ಕಾ" ಎಂದಳು. ಬೇಡ, ನಿನ್ನ ರೋಜಾ ನೀ ಹಿಡಿ, ನನ್ನ ರೋಜಾ ನಾ ಹಿಡಿಯುತ್ತೇನೆ ಎಂದೆ.

ಉಳಿದವರು ನಮ್ಮ ಮನೆಯವರು. ಅವರ ಬಾಯಲ್ಲಿ ಸದಾ ತಂಬಾಕು. ಏನು ಕೊಟ್ಟರೂ ಚಪ್ಪರಿಸಿ "ಚಲೋ ಐತಿ" ಅನ್ನುತ್ತಾರೆ. ಇಷ್ಟು ವರ್ಷ ಅದನ್ನು ಹೊಗಳಿಕೆ ಅಂದುಕೊಂಡಿದ್ದೆನಲ್ಲ! ಒಂದು ವಾರದೊಳಗೆ ಅನಾಹುತ ಆಯಿತು. ಸಾರಿಗೆ ನಾನು ಉಪ್ಪು ಹಾಕಿ ಒಳಗೆ ಹೋಗಿದ್ದೆ. ನಾನು ಹಾಕಿಲ್ಲ ಎಂದುಕೊಂಡು ಜೊತೆಗಾತಿಯೂ ಹಾಕಿದಳು. ರುಚಿ ನೋಡುವವರಿದ್ದರೆ ತಿಳಿಯುತ್ತಿತ್ತು. ಇವರು ಬಂದು ಒಂದು ಗುಟುಕು ಕುಡಿದು "ಚಲೋ ಐತಿ" ಎಂದರು. ಡಬ್ಬಿ ಹೋದವು. ಮಧ್ಯಾಹ್ನ ಅಷ್ಟೂ ಡಬ್ಬಿ ಸಾರಿನ ಸಮೇತ ವಾಪಸ್ ಬಂದವು. ಜೊತೆಗೆ ನಮ್ಮ ಹಳೆಯ ಗಿರಾಕಿ, ಕ್ರೇನ್ ಓಡಿಸುವವನು, ತಾನೇ ಮೇಲೆ ಬಂದ.

"ಮಾವ್ಶಿ, ಸಮುದ್ರದ ನೀರ ಕೆಳಗ ಬೇಕಾದಷ್ಟ ಐತಿ. ನೀವ ಮ್ಯಾಲಿಂದ ಯಾಕ ಕಳಸ್ತೀರಿ?" ಎಂದ. ಮತ್ತೆ ದನಿ ತಗ್ಗಿಸಿ, "ಮಂದಿ ಬ್ಯಾರೆ ಕಡೆ ಡಬ್ಬಿ ಹೇಳಾಕತ್ತಾರ. ನಾ ತಡದೇನಿ. ಇನ್ನೊಮ್ಮಿ ಹಿಂಗಾದ್ರ ನನ್ನ ಮಾತ ನಡಿಯಂಗಿಲ್ಲ ನೋಡ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮರುದಿನ ಸಾರು ಕುದಿಯುವಾಗ ಉಪ್ಪು ಸರಿಯಿದೆಯೋ ಇಲ್ಲವೋ ಎಂಬ ಅನುಮಾನ ಬಿಡಲಿಲ್ಲ. ಒಂದೇ ಒಂದು ಹನಿ, ಅದರಿಂದ ಯಾವ ಗೆರೆ ಏರುತ್ತದೆ, ಎಂದುಕೊಂಡು ಸೌಟಿನಿಂದ ಅಂಗೈಗೆ ಹಾಕಿಕೊಂಡೆ. ಬಾಯಿಯ ಹತ್ತಿರ ತಂದಿದ್ದೆ ಕೂಡ. ಜೊತೆಗಾತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು.

"ಅಕ್ಕಾ, ಬೆರಳ!"

ಅಷ್ಟೇ ಅಂದದ್ದು. ನಸುಕಿನ ಸಹರಿ ಊಟದಿಂದ ಹನಿ ನೀರು ಕುಡಿಯದೆ ಒಲೆಯ ಮುಂದೆ ಬೇಯುತ್ತಿದ್ದವಳು ಅವಳು. ನಾನು ಸಾರನ್ನು ಚೆಲ್ಲಿ ಕೈ ತೊಳೆದುಕೊಂಡೆ. ಅವತ್ತು ಒಂದು ಹನಿಗೆ ಬಿಟ್ಟಿದ್ದರೆ ಮರುದಿನ ಅಂಗೈ ತುಂಬ ಆಗುತ್ತಿತ್ತು, ನನಗೆ ನನ್ನ ಕೈ ಗೊತ್ತಿದೆ.

ಆಮೇಲೆ ಕೆಲಸಕ್ಕೆ ಕಟ್ಟುಪಾಡು ಹಾಕಿಕೊಂಡೆವು. ಉಪ್ಪಿಗೆ ಒಂದು ಸ್ಟೀಲ್ ಲೋಟ. ಯಾವ ಬೋಗುಣಿಗೆ ಉಪ್ಪು ಬಿತ್ತೋ ಅದರ ಪಕ್ಕ ಲೋಟವನ್ನು ಬೋರಲು ಹಾಕುವುದು. ಬೋರಲು ಲೋಟ ಕಂಡರೆ ಯಾರೂ ಉಪ್ಪು ಮುಟ್ಟುವ ಹಾಗಿಲ್ಲ. ಚಹಾಕ್ಕೆ ಪುಡಿ, ಸಕ್ಕರೆ, ಹಾಲು ಎಲ್ಲ ಅಳತೆಯ ಮೇಲೆ. ಅನ್ನ ಬೆಂದದ್ದು ಬೆರಳಲ್ಲಿ ಹಿಚುಕಿದರೆ ತಿಳಿಯುತ್ತದೆ, ಬಾಯಿಗೆ ಯಾಕೆ ಹಾಕಬೇಕು? ಶಿರಾದ ಹದ ಸೌಟಿಗೆ ಗೊತ್ತಾಗುತ್ತದೆ. ಬಾಣಲೆಯ ಅಂಚು ಬಿಟ್ಟು ಬಂದರೆ ಆಯಿತು. ಸಾರಿನ ಹಸಿ ವಾಸನೆ ಹೋಗಿ ಮಸಾಲೆ ಮೇಲೆ ಬರುವ ಗಳಿಗೆ ಮೂಗಿಗೆ ತಿಳಿಯುತ್ತದೆ. ಎಡೆಯ ದಿನ ಇವೆಲ್ಲ ನನಗೆ ಬರುತ್ತಿದ್ದವು. ಉಳಿದ ದಿನ ನಾಲಗೆಯ ಸೊಕ್ಕಿಗೆ ಮರೆತಿದ್ದೆ.

ಕ್ರೇನಿನವನು ಮತ್ತೆ ದೂರು ತರಲಿಲ್ಲ. ಡಬ್ಬಿ ತೊಳೆದಷ್ಟು ಖಾಲಿಯಾಗಿ ಬರತೊಡಗಿದವು.

ಗೆರೆಯೂ ದಾರಿಗೆ ಬಂತು. ಒಂದೇ ದಿನದಲ್ಲಿ ಅಲ್ಲ. ನಡುವೆ ಒಂದು ಸೆನ್ಸರ್ ಬೆವರಿಗೆ ಕಿತ್ತು ಕಣಕದಲ್ಲಿ ಬಿತ್ತು; ಹೊಸದನ್ನು ಹಾಕಿ ಸುತ್ತ ಟೇಪ್ ಬಿಗಿದರು. ಮಲಗುವಾಗ ಆ ತೋಳಿನ ಮೇಲೆ ಭಾರ ಬಿದ್ದರೆ ಸುಳ್ಳೇ ಕೆಳಗಿನ ಅಂಕಿ ತೋರಿಸಿ ಕಿರುಚುತ್ತದೆ. ಅದಕ್ಕೆ ಮಗ್ಗುಲು ಬದಲಿಸುವುದು ಕಲಿತೆ. ಆದರೆ ಬೆಳಗಿನ ಗುಡ್ಡ ಕರಗಿತು. ಡಾಕ್ಟರು ಔಷಧದ ಪ್ರಮಾಣ ಇನ್ನೂ ಇಳಿಸಿದರು, ಮಧ್ಯಾಹ್ನದ ನಡುಕದ ಹೆದರಿಕೆಯೂ ಹೋಯಿತು. ಗಾಯದ ಬುಡದಲ್ಲಿ ಬಿಳಿಚು ಹೋಗಿ ಗುಲಾಬಿ ಮಾಂಸ ಕಂಡ ದಿನ ಸಿಸ್ಟರ್ ಅದರ ಫೋಟೋ ತೆಗೆದಳು. ಈ ಫೋಟೋವನ್ನೂ ಆಪಿಗೆ ಹಾಕಬೇಡ, ಅದು ಜಾಮೂನು ಅಂದೀತು ಎಂದೆ. ಅವಳು ನಕ್ಕು ನಕ್ಕು ಪಟ್ಟಿ ಸುತ್ತಲು ಎರಡು ಸಲ ತಪ್ಪಿದಳು.

ರಂಜಾನ್ ಮುಗಿಯಲು ಬಂದಿತ್ತು. ಅವತ್ತು ಡಾಕ್ಟರು ಪಟ್ಟಿ ಬಿಚ್ಚಿ, ಬೆರಳನ್ನು ಎಲ್ಲ ಕಡೆಯಿಂದ ಒತ್ತಿ ನೋಡಿ, ಹೊಸ ಪಟ್ಟಿ ಕೇಳಲಿಲ್ಲ. ಗಾಯ ಮುಚ್ಚಿತ್ತು. ಚಪ್ಪಲಿ ಬಿಡಬೇಡಿ, ಕಾಲು ದಿನವೂ ನೋಡಿಕೊಳ್ಳಿ, ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ಬೆರಳು? ಎಂದು ಕೇಳಿದೆ. "ಬೆರಳು ನಿಮ್ಮದು, ಮನೆಗೆ ಒಯ್ಯಿರಿ" ಎಂದರು. ಅವರು ತಮಾಷೆ ಮಾಡಿದ್ದು ಅದೊಂದೇ ಸಲ. ನಾನು ಸಿಸ್ಟರಿನ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ನಾಚಿಕೆಪಡಲಿಲ್ಲ. ಬಸ್ಸಿನಲ್ಲಿ ಸಡಾದ ಏರು ಹತ್ತುವಾಗ ಸೀಟಿನಲ್ಲಿ ಕೂತೇ ಆ ಬೆರಳನ್ನು ಮತ್ತೆ ಮತ್ತೆ ಅಲ್ಲಾಡಿಸಿ ನೋಡಿಕೊಂಡೆ.

ಮನೆಗೆ ಬಂದಾಗ ಜೊತೆಗಾತಿ ಹಂಚಿನ ಮುಂದೆ ಇದ್ದಳು. ಉಪವಾಸದ ಮುಖ ಒಣಗಿ ಸಣ್ಣದಾಗಿತ್ತು. ನಾನು ಬಾಗಿಲಲ್ಲೇ ನಿಂತು ಹೇಳಿದೆ, ಉಳಿಯಿತು ಎಂದು. ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು. ಹಂಚಿನ ಮೇಲಿನದು ಸೀದು ಹೊಗೆ ಎದ್ದಿತು, ಇಬ್ಬರೂ ತೆಗೆಯಲಿಲ್ಲ.

"ದಿನಾ ರೋಜಾ ಬಿಡೋ ಹೊತ್ತಿನ್ಯಾಗ ನಿನ್ನ ಬೆರಳಿಗೇ ಮೊದಲ ದುವಾ ಬೇಡತಿದ್ದೆ ಅಕ್ಕಾ. ನನ್ನ ಮಕ್ಕಳದ್ದ ಆಮ್ಯಾಲ. ಅಲ್ಲಾನ ಮುಂದ ಹೇಳಾಕ ನಾಚಿಕಿ ಬರ್ತಿತ್ತ, ಒಂದ ಕಾಲಬೆರಳ ಉಳಸಪ್ಪಾ ಅಂತ."

ನಾನು ಮಣೆ ಎಳೆದುಕೊಂಡು ಕೂತೆ. ಅವಳು ಹಿಟ್ಟಿನ ಕೈ ತೊಳೆದು ಬಂದು, ಎದುರಿಗೆ ನೆಲದ ಮೇಲೆ ಕೂತು, ಚಪ್ಪಲಿ ಬಿಚ್ಚಿ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನಾನು ಹೌಹಾರಿದೆ.

"ಏ ಬಿಡ, ಏನ ಮಾಡಾಕತ್ತಿ? ಕಾಲ ಮುಟ್ಟಬ್ಯಾಡ!"

"ಕಾಲ ಯಾರ ಮುಟ್ಟ್ಯಾರ?" ಎಂದಳು, ತಲೆ ಎತ್ತದೆ. "ಸುಮ್ನ ಕುಂಡ್ರು. ನಾ ನನ್ನ ಬೆರಳ ನೋಡಾಕತ್ತೇನಿ."